ಸೀಟಿನ ಅಳತೆಗೆ ಕೂತವಳು

ಕೊಪ್ಪಳ
೯ ಜುಲೈ ೧೯೭೮

ಇವರಿಗೆ ನಮಸ್ಕಾರಗಳು.

ಇದನ್ನು ಬರೆಯದೆಯೇ ಬಿಡುವವಳಿದ್ದೆ. ನಿಮ್ಮ ಹೋದ ಸಲದ ಕಾಗದವನ್ನು ಅತ್ತೆಯವರಿಗೆ ಓದಿ ಹೇಳುವಾಗ ಒಂದು ಪ್ಯಾರಾ ಬಿಟ್ಟು ಓದಿದೆ.

ಅವರು ಎಂದಿನ ಹಾಗೆ ಕಟ್ಟೆಯ ಮೇಲೆ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದರು. ಓದಿ ಮುಗಿಸಿ ಕಾಗದ ಮಡಿಸುವಷ್ಟರಲ್ಲಿ ಕೈ ನಿಲ್ಲಿಸಿದರು.

"ಎರಡು ಹಾಳಿ ತುಂಬ ಬರದಾನ. ಇಷ್ಟು ಲಗೂನ ಮುಗೀತೇನು? ನಡಕ ಏನರ ನುಂಗಿದಿ?"

"ಗಾಡಿ ಸುದ್ದಿ ಅತ್ತಿ. ನಿಮಗ ತಿಳಿಯಂಗಿಲ್ಲ."

"ನಿನಗ ತಿಳದೈತಿಲ್ಲ? ಸಾಕು ಬಿಡು."

ಅಕ್ಷರ ಬಾರದಿದ್ದರೂ ಅವರಿಗೆ ಕಾಗದದ ಉದ್ದ ಗೊತ್ತು. ನಾನು ಬಿಟ್ಟದ್ದು ಇದನ್ನು: "ಇಲ್ಲಿ ಸೊಲಾಂಜ್ ಅಂತ ಒಬ್ಬಾಕೆ ಇದ್ದಾಳೆ. ನಕ್ಷೆ ವಿಭಾಗದ ಕಡತಗಳನ್ನು ನೋಡಿಕೊಳ್ಳುತ್ತಾಳೆ. ನಾವಿಲ್ಲಿ ಮಾಡುತ್ತಿರುವ ಹೊಸ ಕಾರಿನ ಡ್ರೈವರ್ ಸೀಟಿನ ಅಳತೆಗೆ ಕೂರುವವಳು ಅವಳೇ. ನಿನ್ನೆ ಮಧ್ಯಾಹ್ನವೆಲ್ಲ ಕೂರಿಸಿ ಮೊಣಕಾಲು, ತೊಡೆ, ತೋಳು ಅಳೆದೆವು. ಪಾಪ, ಬೇಸರಿಸಲಿಲ್ಲ."

ನೀವು ಇದನ್ನು ಎಷ್ಟು ನಿರಾಳವಾಗಿ ಬರೆದಿದ್ದೀರಿ ಎಂದರೆ, ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲವೆಂದು ಯಾರಾದರೂ ಒಪ್ಪುತ್ತಾರೆ. ನಾನೂ ಒಪ್ಪುತ್ತೇನೆ. ಹಾಗಿದ್ದರೆ ಅತ್ತೆಯವರಿಗೆ ಯಾಕೆ ಓದಲಿಲ್ಲ? ಈ ಪ್ರಶ್ನೆಯನ್ನು ಶಾಲೆಗೆ ಹೋಗುವಾಗಲೂ ಬರುವಾಗಲೂ ಕೇಳಿಕೊಂಡೆ. ಒಂಬತ್ತನೇ ತರಗತಿಗೆ ಇಂಗ್ಲಿಷ್ ಪಾಠ ಮಾಡುವಾಗಲೂ ಕೇಳಿಕೊಂಡು, ಒಂದೇ ಪುಟವನ್ನು ಎರಡು ಸಲ ಓದಿಸಿದೆ. ಹುಡುಗಿಯರು ನಕ್ಕರು.

ನಮ್ಮ ಮದುವೆಯಾಗಿ ಹತ್ತೊಂಬತ್ತು ವರ್ಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀವು ಪುಣೆಯ ಕಾರ್ಖಾನೆಯಲ್ಲಿ, ನಾನು ಕೊಪ್ಪಳದಲ್ಲಿ. ತಿಂಗಳಿಗೊಮ್ಮೆ ಬಂದರೂ ಆ ಎರಡು ದಿನ ನಾವು ಅತ್ತೆಯವರ ಔಷಧಿ, ಕುಷ್ಟಗಿಯ ಹೊಲ ಇವುಗಳನ್ನೇ ಮಾತಾಡಿದ್ದು. ಈಗ ಫ್ರಾನ್ಸಿನಲ್ಲಿದ್ದೀರಿ. ಹದಿನೈದು ತಿಂಗಳ ಮಟ್ಟಿಗೆ ಕಾರ್ಖಾನೆಯವರು ಕಳಿಸಿದ್ದಾರೆ, ಬರುವ ಮಾರ್ಚಿಗೆ ಮುಗಿಯುತ್ತದೆ, ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅದು ಸರಿ. ನನ್ನ ಮೊಣಕಾಲಿನಿಂದ ಹಿಮ್ಮಡಿಗೆ ಎಷ್ಟು ಉದ್ದ? ನೋಡದೆ ಹೇಳಿ.

ಅತ್ತೆಯವರು ಆರಾಮಾಗಿದ್ದಾರೆ. ಮಳೆ ಒಂದೇ ಸಲ ಬಂತು.

ನಿಮ್ಮ,
ವಿರೂಪಾಕ್ಷಮ್ಮ


ಪ್ಯಾರಿಸ್ ಹತ್ತಿರ
೩೦ ಜುಲೈ ೧೯೭೮

ಪ್ರಿಯ ವಿರೂಪಾ,

ನಿನ್ನ ಪ್ರಶ್ನೆಗೆ ಉತ್ತರ ಗೊತ್ತಿಲ್ಲ. ಒಪ್ಪಿಕೊಂಡೆ. ನೀನು ನನ್ನ ಹೆಗಲಿಗೆ ಬರುತ್ತೀ ಎಂಬುದಷ್ಟೇ ಗೊತ್ತು.

ಸೊಲಾಂಜಳ ವಿಷಯ ಓದಿ ನೀನು ನಗುತ್ತೀ ಅಂದುಕೊಂಡಿದ್ದೆ. ಬಹುಶಃ ಈ ಗಾಡಿಯ ಕಥೆಯನ್ನು ಸರಿಯಾಗಿ ಹೇಳಿರಲಿಲ್ಲ. ಐದು ವರ್ಷದ ಹಿಂದೆ ಪೆಟ್ರೋಲಿನ ಬೆಲೆ ಏರಿತಲ್ಲ, ಆಗ ಇವರು ಒಂದು ದೊಡ್ಡ ಗಾಡಿಯ ಕೆಲಸದಲ್ಲಿದ್ದರು. ಅದನ್ನು ಅಲ್ಲಿಗೇ ನಿಲ್ಲಿಸಿ, ಕಡಿಮೆ ಎಣ್ಣೆ ಕುಡಿಯುವ, ಸಣ್ಣ ಸಂಸಾರಕ್ಕೆ ಸಾಲುವ ಗಾಡಿ ಮಾಡಿ ಎಂದು ಮೇಲಿನವರು ಹೇಳಿದರಂತೆ. ಮೊದಲು ಮಣ್ಣಿನಲ್ಲಿ ಅಷ್ಟೇ ಗಾತ್ರದ ಗಾಡಿ ಮಾಡಿದರು. ನೋಡಲು ಚೆನ್ನಾಗಿತ್ತಂತೆ, ಆದರೆ ಹಿಂದೆ ಕೂತವರ ತಲೆ ಮೇಲೆ ತಾಗುತ್ತಿತ್ತು. ಕೆರೆದು ತೆಗೆದರು. ಎರಡನೆಯದಕ್ಕೆ ಎರಡು ಬಾಗಿಲೋ ನಾಲ್ಕೋ ಎಂದು ಒಂದು ವರ್ಷ ಜಗಳಾಡಿದರು. ನಾಲ್ಕು ಎಂದು ತೀರ್ಮಾನವಾದಾಗ ಎಂಜಿನ್ನಿಗೆ ಜಾಗ ಸಾಲಲಿಲ್ಲ. ಅದನ್ನು ಅಡ್ಡಡ್ಡ ಮಲಗಿಸಿದರು. ನಾನು ಬಂದು ಸೇರಿದ್ದು ಆ ಹೊತ್ತಿಗೆ.

ಈಗ ಒಂದು ಮರದ ಚೌಕಟ್ಟಿದೆ. ಅದಕ್ಕೆ ಸೀಟು, ಸ್ಟೇರಿಂಗು, ಪೆಡಲುಗಳು ಉಂಟು, ಗಾಲಿಯಿಲ್ಲ, ಮೈಯಿಲ್ಲ. ಅದರೊಳಗಿನ ಜಾಗದ ನಕ್ಷೆ ತೆಗೆಯುವುದು ನನ್ನ ಕೆಲಸ. ಈ ಗಾಡಿಯನ್ನು ಇಲ್ಲಿ ಹೆಚ್ಚಾಗಿ ಮನೆಯ ಹೆಂಗಸರೇ ನಡೆಸುತ್ತಾರೆ, ಮಕ್ಕಳನ್ನು ಶಾಲೆಗೆ ಬಿಡಲು, ಸಂತೆಗೆ ಹೋಗಲು. ಆದ್ದರಿಂದ ಅಳತೆಗೆ ಒಬ್ಬ ಹೆಂಗಸು ಬೇಕಿತ್ತು. ಇವರ ಲೆಕ್ಕದಲ್ಲಿ ಸೊಲಾಂಜ್ ಗಿಡ್ಡ. ಅಷ್ಟೇ ವಿಷಯ. ಗಾಡಿಗೆ ಇನ್ನೂ ಹೆಸರೂ ಇಲ್ಲ, ಒಂದು ನಂಬರಿನಿಂದ ಕರೆಯುತ್ತೇವೆ. ಆದರೂ ಬೆಳಿಗ್ಗೆ ಏಳುವಾಗ ಅದೇ ನೆನಪಾಗುತ್ತದೆ.

ಒಂದು ಸಹಾಯ. ಹೋದ ತಿಂಗಳು ನನಗೆ ಜ್ವರ ಬಂದಾಗ ಸೊಲಾಂಜ್ ತನ್ನ ಗಂಡನ ಕೈಲಿ ಎರಡು ದಿನ ಸಾರು ಕಳಿಸಿದ್ದಳು. ಅವಳಿಗೆ ಗುಳೇದಗುಡ್ಡದ ಖಣದ ಬಟ್ಟೆಯ ಒಂದು ಕುಬಸ ಹೊಲಿಸಿ ಕಳಿಸುತ್ತೀಯಾ? ಅಳತೆ ಇದರೊಂದಿಗೆ ಬರೆದಿಟ್ಟಿದ್ದೇನೆ. ಕೆಲವು ನಕ್ಷೆಯಲ್ಲೇ ಇದ್ದವು, ಉಳಿದದ್ದನ್ನು ಅವಳನ್ನು ಕೇಳಿ ಬರೆದುಕೊಂಡೆ.

ಅವ್ವನಿಗೆ ನಮಸ್ಕಾರ ಹೇಳು.

ನಿನ್ನ,
ಈಶಪ್ಪ


ಕೊಪ್ಪಳ
೧೭ ಸೆಪ್ಟೆಂಬರ್ ೧೯೭೮

ಇವರಿಗೆ ನಮಸ್ಕಾರಗಳು.

ಕುಬಸ ಹೊಲಿಸಿ ಪಾರ್ಸೆಲ್ ಮಾಡಿದ್ದೇನೆ. ತಡವಾಯಿತು. ಯಾಕೆಂದು ಹೇಳುತ್ತೇನೆ.

ಖಣ ಆರಿಸಲು ನನಗೆ ಬರುವುದಿಲ್ಲವೆಂದು ಅತ್ತೆಯವರೂ ಜೊತೆಗೆ ಬಂದಿದ್ದರು. ಯಾರಿಗೆ ಎಂದು ಹೇಳಿರಲಿಲ್ಲ. ನನಗೇ ಎಂದು ತಿಳಿದಿದ್ದರು. ನೇರಳೆ ಬಣ್ಣದ್ದನ್ನು ಹಿಡಿದು "ಇದು ನಿನಗ ಒಪ್ಪತೈತಿ" ಎಂದರು. ಹಾಗೆಂದಾಗಲಾದರೂ ಹೇಳಬೇಕಿತ್ತು. ಅಲ್ಲಿಂದ ನೇರ ದರ್ಜಿ ಜಿಲಾನಸಾಬನ ಅಂಗಡಿಗೆ ಹೋದೆವು. ಅಂಗಡಿಯಲ್ಲಿ ಆಗಲೇ ಮೂವರು ಹೆಂಗಸರಿದ್ದರು. ನಿಮ್ಮ ಚೀಟಿ ಕೊಟ್ಟೆ. ಅವನು ಕನ್ನಡಕ ಏರಿಸಿ ಓದಿದ.

"ಬಾಯಾರ, ಇದು ನಿಮ್ಮ ಅಳತಿ ಅಲ್ರಲ್ಲ. ಇದು ಹೆಗಲು ಅಗಲಿರೋ ಹೆಣಮಗಳದ್ದು."

"ಹೌದು. ಬೇರೆಯವರಿಗೆ."

"ಯಾರಿಗೆ?" ಎಂದರು ಅತ್ತೆ.

"ಫ್ರಾನ್ಸಿನಾಕಿಗೆ ಅತ್ತಿ. ಇವರ ಆಫೀಸಿನಾಕಿ. ಜ್ವರ ಬಂದಾಗ ಸಾರು ಕಳಿಸಿದ್ಲಂತ."

"ಸಾರು ಕಳಿಸಿದ್ದು ಛಲೋ ಆತು. ಆಕಿ ಮೈ ಅಳತಿ ನನ್ನ ಮಗನ ಕೈಯಾಗ ಹೆಂಗ ಬಂತು?"

ಕೂತಿದ್ದ ಮೂವರೂ ನನ್ನನ್ನೇ ನೋಡಿದರು. ಗಾಡಿ, ಸೀಟು, ಮರದ ಚೌಕಟ್ಟು ಎಂದು ಹೇಳತೊಡಗಿದೆ. ನೀವು ಬರೆದಾಗ ಅರ್ಥವಾದದ್ದು ನಾನು ಹೇಳುವಾಗ ನನಗೇ ನಂಬಿಕೆ ಬರದ ಹಾಗಾಯಿತು.

ಜಿಲಾನಸಾಬ ಚೀಟಿಯನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದ. "ತಪ್ಪ ತಿಳೀಬ್ಯಾಡ್ರಿ. ಹೆಣಮಗಳ ಅಳತಿ ಗಂಡಸು ಬರದು ಕಳಿಸಿದ್ದಕ್ಕ ನಾ ಕತ್ರಿ ಹಚ್ಚಂಗಿಲ್ಲ. ನಮ್ಮ ಅಬ್ಬಾನ ಕಾಲದಿಂದ ಅಳತಿ ಕುಬಸ ಇಟ್ಕೊಂಡ ಹೊಲಿಯೋದು. ಆಕಿದೊಂದು ಹಳೇ ಕುಬಸ ತರಸ್ರಿ."

"ಅವರು ಅಲ್ಲಿ ಕುಬಸ ಹಾಕ್ತಾರೇನೋ ಖೋಡಿ!" ಎಂದರು ಅತ್ತೆ.

"ಹಂಗಾರ ಏನು ಹಾಕ್ತಾರ್ರಿ?"

"ನನ್ನ ಮಗನ್ನ ಕೇಳು. ಅವಗ ಗೊತ್ತೈತಿ."

ಮೂವರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅತ್ತೆಯವರೂ ನಕ್ಕರು. ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಯಾರೂ ನಗಲಿಲ್ಲ.

ಮರುದಿನ ಒಬ್ಬಳೇ ಹೋಗಿ ಒಪ್ಪಿಸಿದೆ. ಹೇಗೆ ಒಪ್ಪಿಸಿದೆ ಎಂದು ಕೇಳಬೇಡಿ. ಅವನು ಕಟ್ಟಿಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡುವ ಮನಸ್ಸಾಗಲಿಲ್ಲ. ಹಾಗೇ ಬಿಳಿ ಬಟ್ಟೆಯಲ್ಲಿ ಸುತ್ತಿ ಹೊಲಿದು, ನಿಮ್ಮ ಆಫೀಸಿನ ವಿಳಾಸ ಬರೆದೆ. ಬಾಯಿಂದ ಎಂದೂ ಕರೆಯದ ನಿಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯುವಾಗ ಪ್ರತಿ ಸಲ ಕೈ ಸ್ವಲ್ಪ ತಡೆಯುತ್ತದೆ. ಈ ಸಲ ತಡೆಯಲಿಲ್ಲ.

ನಿಮ್ಮ,
ವಿರೂಪಾಕ್ಷಮ್ಮ


ಪ್ಯಾರಿಸ್ ಹತ್ತಿರ
೧೨ ನವೆಂಬರ್ ೧೯೭೮

ಪ್ರಿಯ ವಿರೂಪಾ,

ನಿನ್ನ ಪಾರ್ಸೆಲ್ ಬಂತು. ಇಷ್ಟು ದಿನದಲ್ಲಿ ಇಲ್ಲಿ ಇಂಥ ನಗು ಕೇಳಿರಲಿಲ್ಲ.

ಆಫೀಸಿನಲ್ಲೇ ಬಿಚ್ಚಿದೆ. ಎಲ್ಲರೂ ಸುತ್ತ ನಿಂತಿದ್ದರು. ನೇರಳೆ ಖಣ ನೋಡಿ ಸೊಲಾಂಜ್ ಕೈ ತಟ್ಟಿದಳು. ಪಕ್ಕದ ಕೋಣೆಗೆ ಹೋಗಿ ತೊಡಲು ನೋಡಿದಳು, ಹೆಗಲೇ ಏರಲಿಲ್ಲ. ಅವಳು ಮಡಿಕೆ ಬಿಡಿಸಿದಾಗಲೇ ಅದರೊಳಗಿಂದ ಇನ್ನೊಂದು ಕುಬಸ ಮೇಜಿನ ಮೇಲೆ ಜಾರಿ ಬಿದ್ದಿತ್ತು. ಹಳೆಯದು, ಹಸಿರು, ಕಂಕುಳಲ್ಲಿ ಹರಿದದ್ದು. ಹೊಸದರ ಮಡಿಕೆಯೊಳಗೆ ಅಳತೆ ಕುಬಸ ಇಟ್ಟೇ ಕೊಡುವ ಜಿಲಾನಸಾಬನ ಪದ್ಧತಿ ನಿನಗೆ ಮರೆತುಹೋಯಿತೇ? ನನಗೆ ನೋಡಿದ ಕೂಡಲೇ ಗುರುತು ಸಿಕ್ಕಿತು. ನೀನು ಮಾಡಿದ್ದೂ ತಿಳಿಯಿತು. ಬೈಯುವುದಿಲ್ಲ.

ಮುಂದಿನದು ಕೇಳು. ಯಾರೋ ತಮಾಷೆಗೆ ಆ ಹಸಿರು ಕುಬಸವನ್ನು ಮರದ ಚೌಕಟ್ಟಿನ ಸೀಟಿನ ಬೆನ್ನಿನ ಮೇಲೆ ಹರಡಿ ಸಿಕ್ಕಿಸಿದರು. ಎಲ್ಲರೂ ನಗುತ್ತಿದ್ದರು, ನಾನೂ. ಆಮೇಲೆ ನೋಡುತ್ತೇನೆ, ಕುಬಸದ ಎರಡೂ ಕಡೆ ಸೀಟು ಒಂದೊಂದು ಅಂಗೈ ಹೊರಗೆ ಉಳಿದಿದೆ. ಹೆಗಲಿನ ಪಟ್ಟಿ ಎಳೆದು ನೋಡಿದೆ. ಅಪಘಾತದಲ್ಲಿ ಮೈ ಮುಂದೆ ಹೋಗದಂತೆ ಹಿಡಿಯುವ ಪಟ್ಟಿ ಅದು. ಸೊಲಾಂಜಳಿಗೆ ಅದು ಸರಿಯಾಗಿ ಹೆಗಲ ಮೇಲೆ ಕೂರುತ್ತದೆ. ನಿನ್ನ ಕುಬಸಕ್ಕೆ ಹಿಡಿದರೆ ನೇರ ಕತ್ತಿಗೆ ಬಂತು. ನಿನ್ನ ಎತ್ತರ ನನ್ನ ಹೆಗಲಿಗೆಂದು ಗೊತ್ತಿತ್ತು, ಉಳಿದದ್ದನ್ನು ಕುಬಸ ಹೇಳಿತು. ಸೊಲಾಂಜಳಿಗಿಂತ ಗಿಡ್ಡ ಹೆಂಗಸರೂ ಈ ದೇಶದಲ್ಲಿ ಇದ್ದಾರಲ್ಲ! ಪಟ್ಟಿಯ ಕೊಂಡಿಯನ್ನು ಕೆಳಗಿಳಿಸಿ, ಸೀಟು ಇನ್ನಷ್ಟು ಮುಂದೆ ಸರಿಯುವ ಹಾಗೆ ಮಾಡಿ ಹೊಸ ನಕ್ಷೆ ಬರೆದೆ. ಮುಖ್ಯಸ್ಥರು ಬಂದು "ಇದು ಯಾರದು?" ಎಂದು ಕೇಳಿದರು. ನನ್ನ ಹೆಂಡತಿಯದು ಎಂದೆ. ನಕ್ಷೆಗೆ ಒಪ್ಪಿಗೆ ಬಿತ್ತು.

ಈ ಗಾಡಿಯಲ್ಲಿ ಈಗ ನಿನ್ನ ಅಳತೆ ಇದೆ. ಸಂತೋಷವಾಯಿತೇ?

ಸೊಲಾಂಜ್ ಹೊಸ ಕುಬಸದ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಂಡಳು. ನಿನ್ನ ಹಳೆಯದನ್ನೂ ಮನೆಗೆ ಒಯ್ದು ಹರಿದ ಕಂಕುಳನ್ನು ಹೊಲಿದು, ಒಗೆದು ತಂದುಕೊಟ್ಟಳು. ಹೊಲಿಗೆ ಕಾಣುವುದೇ ಇಲ್ಲ, ಅಷ್ಟು ಚೆನ್ನಾಗಿದೆ.

ನಿನ್ನ,
ಈಶಪ್ಪ


ಕೊಪ್ಪಳ
೩ ಡಿಸೆಂಬರ್ ೧೯೭೮

ಇವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಅತ್ತೆಯವರಿಗೆ ಪೂರ್ತಿ ಓದಿ ಹೇಳಿದೆ, ಏನೂ ಬಿಡಲಿಲ್ಲ. ಅವರು ಎದ್ದು ಒಳಗೆ ಹೋದರು.

ಹಳೆಯ ಕುಬಸವನ್ನು ಹಿಂದಕ್ಕೆ ಕಳಿಸಬೇಡಿ. ಹೊಲಿದವರಿಗೇ ಕೊಟ್ಟುಬಿಡಿ.

ಶಾಲೆಗೆ ಇನ್‌ಸ್ಪೆಕ್ಟರರು ಬರುವವರಿದ್ದಾರೆ. ಕೆಲಸ ಬಹಳ ಇದೆ.

ವಿರೂಪಾಕ್ಷಮ್ಮ


ಪ್ಯಾರಿಸ್ ಹತ್ತಿರ
೪ ಫೆಬ್ರುವರಿ ೧೯೭೯

ಪ್ರಿಯ ವಿರೂಪಾ,

ನಿನ್ನ ಡಿಸೆಂಬರಿನ ಕಾಗದದ ಮೇಲೆ ಎರಡು ಕಾಗದ ಹಾಕಿದೆ, ಉತ್ತರ ಬಂದಿಲ್ಲ. ತಪ್ಪು ನನ್ನದೇ. ನಿನ್ನ ಹರಿದ ಕುಬಸವನ್ನು ಹತ್ತು ಜನ ಗಂಡಸರ ನಡುವೆ ಎತ್ತಿ ಹಿಡಿದೆ ಎಂಬುದು ಬರೆಯುವಾಗಲೂ ಹೊಳೆಯಲಿಲ್ಲ. ಇಲ್ಲಿ ಎಲ್ಲವೂ ಅಳತೆಯಾಗಿಯೇ ಕಾಣುತ್ತದೆ.

ಜನವರಿಯಲ್ಲಿ ನಮ್ಮ ಗಾಡಿ ಮೊದಲ ಸಲ ತನ್ನ ಗಾಲಿಯ ಮೇಲೆ ಓಡಿತು. ಬೇರೆ ಕಂಪನಿಯವರಿಗೆ ಗುರುತು ಸಿಗದಿರಲೆಂದು ಮೈಗೆ ಒಡ್ಡೊಡ್ಡಾದ ಸುಳ್ಳು ತಗಡು ಹೊಡೆದಿದ್ದರು. ಉತ್ತರದ ಹಿಮದ ಸೀಮೆಗೆ ಒಯ್ದು ಒಂದು ರಾತ್ರಿ ಹೊರಗೇ ಬಿಟ್ಟು, ಬೆಳಿಗ್ಗೆ ಕೀಲಿ ತಿರುಗಿಸಿದರೆ ಕೆಮ್ಮಿ ಕೆಮ್ಮಿ ಎದ್ದಿತಂತೆ. ಸುದ್ದಿ ಬಂದಾಗ ನಾವೆಲ್ಲ ಆಫೀಸಿನಲ್ಲಿ ಎದ್ದು ನಿಂತೆವು.

ಈಗ ಮುಖ್ಯ ಮಾತು. ಗಾಡಿ ಮಾರಾಟಕ್ಕೆ ಬರುವವರೆಗೆ, ಅಂದರೆ ಇನ್ನೂ ಎರಡು ವರ್ಷ, ಇಲ್ಲೇ ಇರಲು ನನ್ನನ್ನು ಕೇಳಿದ್ದಾರೆ. ಪುಣೆಯವರೂ ಒಪ್ಪಿದ್ದಾರೆ. ಮಾರ್ಚ್ ೩೧ರೊಳಗೆ ಸಹಿ ಹಾಕಬೇಕು, ಇಲ್ಲವಾದರೆ ಏಪ್ರಿಲಿನಲ್ಲಿ ವಾಪಸು. ಅವ್ವನನ್ನೂ ಶಾಲೆಯನ್ನೂ ಬಿಟ್ಟು ನೀನು ಇಲ್ಲಿಗೆ ಬರುವವಳಲ್ಲ, ನಾನು ಕೇಳುವುದೂ ಇಲ್ಲ.

ನೀನು ಹೇಳಿದ ಹಾಗೆ ಮಾಡುತ್ತೇನೆ. ಬಾ ಎಂದು ಒಂದು ಸಾಲು ಬರೆದರೆ ಸಹಿ ಹಾಕುವುದಿಲ್ಲ. ಯಾಕೆಂದೂ ಕೇಳುವುದಿಲ್ಲ.

ನಿನ್ನ,
ಈಶಪ್ಪ


ಕೊಪ್ಪಳ
೧೧ ಮಾರ್ಚ್ ೧೯೭೯

ಇವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಅತ್ತೆಯವರು ದಿನಾ ಕೇಳುತ್ತಾರೆ.

"ಬರದೇನವಾ?"

"ಬರೀತೇನಿ ಅತ್ತಿ."

"ಅದರಾಗೇನು ಬರಿಯೋದೈತಿ? ಬಾ ಅಂತ ಬರಿ. ಒಂದಕ್ಷರ. ಅದಕ್ಕ ಇಷ್ಟ್ಯಾಕ ತಿಣಕತಿ?"

ತಿಣುಕುತ್ತಿರುವುದು ನಿಜ. ಮೊದಲು ಸೊಲಾಂಜಳ ಮಾತು ಮುಗಿಸುತ್ತೇನೆ. ನಿಮಗೂ ಅವಳಿಗೂ ಏನೂ ಇಲ್ಲವೆಂದು ನನಗೆ ಮೊದಲಿನಿಂದ ಗೊತ್ತಿತ್ತು. ಹಾಗೆ ಗೊತ್ತಿದ್ದೂ ಅವಳ ಕುಬಸಕ್ಕೆ ನನ್ನ ಅಳತೆ ಕೊಟ್ಟೆ. ಅವಳಿಗೆ ಬಿಗಿಯಾಗಲಿ, ನಾಲ್ಕು ಜನರೆದುರು ನಾಚಿಕೆಯಾಗಲಿ ಎಂದು. ಅವಳು ನನ್ನ ಹರಕಲನ್ನು ಕಾಣದ ಹಾಗೆ ಹೊಲಿದಳು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಿತ್ತು.

ಹೋದ ವಾರ ಪರೀಕ್ಷಾ ಕೇಂದ್ರದ ಸಭೆಗೆ ನಾವು ನಾಲ್ವರು ಟೀಚರುಗಳು ಗಂಗಾವತಿಗೆ ಹೋಗಿದ್ದೆವು, ಹುಸೇನಪ್ಪನ ಟ್ಯಾಕ್ಸಿಯಲ್ಲಿ. ಬರುವಾಗ ಗಿಣಿಗೇರಿ ಹತ್ತಿರ ನಿಲ್ಲಿಸಿ ಅವನು ರೇಡಿಯೇಟರಿಗೆ ನೀರು ತರಲು ಹೋದ. ಉಳಿದವರು ಚಹಾಕ್ಕೆ ಇಳಿದರು. ನಾನೂ ಇಳಿದವಳು, ಯಾಕೋ ಮುಂದಿನ ಬಾಗಿಲು ತೆಗೆದು ಅವನ ಸೀಟಿನಲ್ಲಿ ಕೂತೆ. ಇಷ್ಟು ವಯಸ್ಸಾದರೂ ಅಲ್ಲಿ ಒಮ್ಮೆಯೂ ಕೂತಿರಲಿಲ್ಲ. ಹುಸೇನಪ್ಪ ಕೊಡ ಹಿಡಿದು ಬಂದವನು ನಿಂತೇಬಿಟ್ಟ.

"ಬಾಯಾರ, ಅದು ನನ್ನ ಜಾಗಾರಿ."

"ಗೊತ್ತೈತಿ. ಸುಮ್ನ ಕೂತೇನಿ."

"ಕೂಡ್ರಿ, ಕೂಡ್ರಿ. ಕಾಲು ಮುಟ್ಟತಾವೇನ್ರಿ?"

ಮುಟ್ಟಲಿಲ್ಲ. ಸೀರೆಯ ನೆರಿಗೆ ಎತ್ತಿಕೊಂಡು ಮುಂದೆ ಸರಿದೆ. ಆಗ ಸ್ಟೇರಿಂಗು ಎದೆಗೆ ತಾಗಿತು, ಕಾಲ ತುದಿ ಮುಟ್ಟಿತು, ಆದರೆ ಬೆನ್ನಿಗೆ ಆಸರೆಯಿಲ್ಲದೆ ಒತ್ತಲು ಬರಲಿಲ್ಲ.

ಅವನು ನಕ್ಕ. "ಈ ಗಾಡಿ ಮಾಡಿದಾತ ಹೆಂಗಸರು ಹಿಂದ ಕೂಡೋರು ಅಂತ ತಿಳಕೊಂಡಾನ್ರಿ. ತಡೀರಿ." ತನ್ನ ಹಾಸಿಗೆ ಸುರುಳಿ ತಂದು ನನ್ನ ಬೆನ್ನ ಹಿಂದೆ ತುರುಕಿದ. "ಈಗ ಒತ್ರಿ. ಎಡಗಾಲು. ಹೆದರಬ್ಯಾಡ್ರಿ, ಎಂಜಿನ್ ಬಂದ್ ಐತಿ."

ಒತ್ತಿದೆ. ಗಟ್ಟಿಯಿತ್ತು. ಆಮೇಲೆ ಒಳಗೆ ಹೋಯಿತು.

ಅಷ್ಟೇ. ಇನ್ನೇನೂ ಆಗಲಿಲ್ಲ. ಉಳಿದ ಟೀಚರುಗಳು ಬಂದು "ಏನ್ರಿ ಇದು, ಈಶಪ್ಪನವರು ಅಲ್ಲಿಂದ ಗಾಡಿ ತರ್ತಾರೇನು?" ಎಂದು ನಕ್ಕರು. ಆದರೆ ಆ ಗಾಜಿನಾಚೆ ರಸ್ತೆ ನೇರ ನನ್ನೆದುರಿಗೇ ಇತ್ತು. ಹಿಂದಿನ ಸೀಟಿನಿಂದ ರಸ್ತೆ ಯಾವಾಗಲೂ ಓರೆಯಾಗಿ, ಯಾರದೋ ಹೆಗಲ ಮೇಲಿಂದ ಕಾಣುತ್ತದೆ. ಬರಿಯ ಮರದ ಚೌಕಟ್ಟಿನೆದುರು ನೀವು ಒಂದಿಡೀ ಮಧ್ಯಾಹ್ನ ಯಾಕೆ ಕಳೆಯುತ್ತೀರಿ ಎಂಬುದು ಅಲ್ಲಿ ಕೂತಾಗ ತಿಳಿಯಿತು. ಅಲ್ಲಿಯವರೆಗೆ ನನ್ನ ಹೊಟ್ಟೆಕಿಚ್ಚು ಸೊಲಾಂಜಳ ಮೇಲಿತ್ತು. ಈಗ ನಿಮ್ಮ ಮೇಲಿದೆ. ಬೆಳಿಗ್ಗೆ ಏಳುವಾಗ ಆ ಗಾಡಿ ನೆನಪಾಗುತ್ತದೆ ಎಂದು ಬರೆದಿದ್ದಿರಿ. ಏಳುವಾಗ ನನಗೆ ಅಂಥದ್ದೇನು ನೆನಪಾಗುತ್ತದೆ ಎಂದು ಯೋಚಿಸಿದೆ. ಒಲೆ, ಶಾಲೆಯ ಗಂಟೆ, ಆಮೇಲೆ ನೀವು. ನಿಮಗೆ ಗಾಡಿ, ನನಗೆ ನೀವು. ಇದು ಸರಿಸಮವಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಸರಿಸಮವಲ್ಲ.

ಬಾ ಎಂದು ಬರೆದರೆ ಬರುತ್ತೀರಿ. ನಿಮ್ಮ ಮಾತಿನ ಮೇಲೆ ನನಗೆ ಸಂಶಯವಿಲ್ಲ. ಬಂದ ಮೇಲೆ ಎಂದಾದರೊಂದು ದಿನ, ಹೆಸರಿಟ್ಟುಕೊಂಡು ರಸ್ತೆಗಿಳಿದ ಆ ಗಾಡಿಯ ಚಿತ್ರ ಪೇಪರಿನಲ್ಲಿ ಬರುತ್ತದೆ. ನೀವು ಏನೂ ಹೇಳುವುದಿಲ್ಲ. ಯಾಕೆಂದು ಕೇಳುವುದಿಲ್ಲ ಎಂದು ಈಗಾಗಲೇ ಮಾತು ಕೊಟ್ಟಿದ್ದೀರಲ್ಲ. ಆ ದಿನ ನಿಮಗೆ ಚಹಾ ಕೊಡುವವಳು ನಾನು. ಇರಿ ಎಂದು ಬರೆಯಲು ಕೂತೆ, ಎರಡು ಸಲ. ಹಾಗೆ ಬರೆದರೆ ನಾನು ದೊಡ್ಡ ಮನಸ್ಸಿನವಳೆಂದು ನೀವು ಸೊಲಾಂಜಳಿಗೆ ಹೇಳುತ್ತೀರಿ. ಅದು ಸುಳ್ಳು. ಸುಳ್ಳನ್ನು ಎರಡು ವರ್ಷ ಒಬ್ಬಳೇ ಇಟ್ಟುಕೊಂಡು ಕೂರಲು ನನ್ನಿಂದಾಗದು.

ಆದ್ದರಿಂದ ನಿಜವನ್ನೇ ಬರೆಯುತ್ತೇನೆ. ಬನ್ನಿ. ಅತ್ತೆಯವರಿಗಾಗಿ ಅಲ್ಲ, ಹೊಲಕ್ಕಾಗಿ ಅಲ್ಲ. ನನಗೆ ಬೇಕು, ಬನ್ನಿ.

ಆದರೆ ಇದನ್ನು ಓದುವ ಹೊತ್ತಿಗೆ ನೀವು ಸಹಿ ಹಾಕಿರಬೇಕು, ಇಲ್ಲವೇ ಹಾಕದೆ ಬಿಟ್ಟಿರಬೇಕು. ಯಾವುದಾದರೂ ಆಗಲಿ, ಅದು ನಿಮ್ಮದಾಗಿರಲಿ. ನನ್ನ ಸಾಲು ಹಿಡಿದು ಬರಬೇಡಿ. ನನ್ನ ಸಾಲು ಬರಲಿಲ್ಲವೆಂದು ಉಳಿಯಲೂಬೇಡಿ. ಇದೂ ಒಂದು ಹಟವೇ, ನಿಮ್ಮನ್ನು ಪರೀಕ್ಷೆಗೆ ಕೂರಿಸುವ ಇನ್ನೊಂದು ಉಪಾಯವೇ ಎಂದು ನನ್ನನ್ನೇ ಕೇಳಿಕೊಂಡೆ. ಇರಬಹುದು. ಅಲ್ಲವೆಂದು ಆಣೆ ಮಾಡಲಾರೆ. ನಾಳೆ ಅತ್ತೆಯವರು ಕೇಳಿದರೆ ಬರೆದಾಯಿತು ಎನ್ನುತ್ತೇನೆ. ಏನಂತ ಬರೆದಿ ಎಂದರೆ, "ನೀವು ಹೇಳಿದ್ದನ್ನ ಅತ್ತಿ" ಎನ್ನುತ್ತೇನೆ. ಎರಡೂ ನಿಜ.

ಲಕೋಟೆಗೆ ವಿಳಾಸ ಬರೆದು, ಸ್ಟಾಂಪು ಹಚ್ಚಿಟ್ಟಿದ್ದೇನೆ.

ನಿಮ್ಮ,
ವಿರೂಪಾಕ್ಷಮ್ಮ

ಅಂಚೆಗೆ ಹಾಕುವುದು: ಸೋಮವಾರ, ೨ ಏಪ್ರಿಲ್ ೧೯೭೯, ನಿಮ್ಮ ಗಡುವು ಮುಗಿದ ಮೇಲೆ.